ಬದನೆಕಾಯಿ ನಿಟ್ಟುಸಿರು ಬಿಟ್ಟ ಮಧ್ಯಾಹ್ನ

ಪ್ರಶ್ನೆ: ಮೇಡಂ, ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ತಲೆಬುಡವಿಲ್ಲದ ಬೊಂಬೆ ಸಿನಿಮಾ ನೋಡುತ್ತಾಳೆ. ಮೊನ್ನೆ ಪಕ್ಕದಲ್ಲಿ ಕೂತು ನಾನೂ ಒಂದು ನೋಡಿದೆ. ಮೇಜಿನ ಮೇಲೆ ಎರಡು ಮಣ್ಣಿನ ತಲೆ. ಒಂದರ ಬಾಯಿಂದ ಹಲ್ಲುಜ್ಜುವ ಬ್ರಷ್, ಇನ್ನೊಂದರ ಬಾಯಿಂದ ಶೂ ಲೇಸು! ಮಾತಿಲ್ಲ, ಕಥೆಯಿಲ್ಲ. ಬೈದುಕೊಂಡೇ ಎರಡನೇ ಸಲವೂ ನೋಡಿದೆ. ಇದೆಂಥ ಹುಚ್ಚು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೇ ಸಲ ತಾನೇ? ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಅದು ಆಗಿನ ಜೆಕೊಸ್ಲೊವಾಕಿಯದ ಪ್ರಾಗ್ ನಗರದ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ 1982ರಲ್ಲಿ ಮಾಡಿದ 'ಡೈಮೆನ್ಷನ್ಸ್ ಆಫ್ ಡೈಲಾಗ್'. ಮರುವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಕಿರುಚಿತ್ರಗಳ ಚಿನ್ನದ ಕರಡಿ ಪ್ರಶಸ್ತಿ ಬಂತು. ಅವರದೇ ದೇಶದ ಆಗಿನ ಸರ್ಕಾರಕ್ಕೆ ಮಾತ್ರ ಅದು ಹಿಡಿಸಲಿಲ್ಲ. ಅದರಲ್ಲಿ ಮೂರು ಭಾಗ. ನೀವು ನೋಡಿದ್ದು ಕೊನೆಯದು.

ಕಥೆಯಿಲ್ಲ ಅಂದಿರಿ. ಮೊದಲ ಸುತ್ತು ನೆನಪಿಸಿಕೊಳ್ಳಿ. ಒಂದು ತಲೆ ಬ್ರಷ್ ಚಾಚುತ್ತದೆ, ಎದುರಿನದು ಅದಕ್ಕೆ ಪೇಸ್ಟ್ ಹಚ್ಚುತ್ತದೆ. ಬ್ರೆಡ್ಡಿಗೆ ಬೆಣ್ಣೆ, ಶೂಗೆ ಲೇಸು, ಪೆನ್ಸಿಲಿಗೆ ಮೆಂಡರ್. ಎಷ್ಟು ಚೆಂದದ ಸಂಸಾರ ಅಲ್ವಾ? ಆಮೇಲೆ ತಲೆಗಳು ಜಾಗ ಬದಲಿಸುತ್ತವೆ, ಸಾಮಾನು ಅವೇ, ಜೋಡಿ ಮಾತ್ರ ತಪ್ಪುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತೇವಲ್ಲ, ಹಾಗೆ. ಕೊನೆಗೆ ತಲೆಗಳೇ ಬಿರುಕು ಬಿಟ್ಟು, ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತವೆ.

ನಮ್ಮನೆಯಲ್ಲಿ ಭಾನುವಾರ ಬೆಳಗ್ಗೆ ಇದೇ ನಡೆಯುತ್ತದೆ. ನಾನು ಗ್ಯಾಸ್ ಸಿಲಿಂಡರ್ ಅಂದರೆ ನಮ್ಮ ಯಜಮಾನರು ಸ್ಕೂಟರ್ ಇನ್ಶೂರೆನ್ಸ್ ಅನ್ನುತ್ತಾರೆ. ಹಾಗಂತ ಸಿನಿಮಾದ ಅರ್ಥ ಇಷ್ಟೇ ಅಂದುಬಿಡಬೇಡಿ. ಅರ್ಥ ಸಿಕ್ಕಿತು ಅಂದುಕೊಂಡ ದಿನವೂ ನಾನು ಅದನ್ನು ಮತ್ತೆ ನೋಡಿದ್ದೇನೆ.

ನನ್ನನ್ನು ಹಿಡಿದು ಕೂರಿಸುವುದು ಅದರ ಶಿಸ್ತು. ಹುಚ್ಚಾಟ ಅನಿಸಿದರೂ ಅಲ್ಲಿ ನಿಯಮ ಬಲು ಬಿಗಿ. ಇವನು ಚಾಚಿದರೆ ಅವನು ಚಾಚಲೇಬೇಕು. ನಿಯಮ ಗೊತ್ತಾದ ಮೇಲೆ ಎದ್ದು ಹೋಗಲು ಆಗುವುದಿಲ್ಲ, ಮುಂದಿನದು ಏನು ಅಂತ ನಾವೇ ಊಹಿಸುತ್ತಾ ಕೂರುತ್ತೇವೆ. ಇನ್ನೊಂದು, ಅಲ್ಲಿರುವುದು ನಮ್ಮ ಬಚ್ಚಲು, ಅಡುಗೆಮನೆಯ ಸಾಮಾನು. ರಾಕ್ಷಸ ಬಂದಿದ್ದರೆ ಸುಮ್ನೆ ನಕ್ಕು ಮಲಗುತ್ತಿದ್ದಿರಿ. ಶೂಗೆ ಬೆಣ್ಣೆ ಮೆತ್ತುವುದನ್ನು ನೋಡಿದರೆ ಕೈಯೇ ಜಿಡ್ಡಾದ ಹಾಗಾಗುತ್ತದೆ.

ಈ ಹುಚ್ಚಿನಲ್ಲಿ ನಾನೂ ಒಮ್ಮೆ ಇಂಥ ಬೊಂಬೆ ಸಿನಿಮಾ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಒಂದೊಂದು ಭಂಗಿಯನ್ನು ಎರಡೆರಡು ಸಲ ಬಳಸಿದರೂ ಸೆಕೆಂಡಿಗೆ 12 ಸಲ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆಯಬೇಕು. ಒಂದು ಬದನೆಕಾಯಿಗೆ ಮೆಣಸಿನಕಾಳಿನ ಕಣ್ಣಿಟ್ಟು, ಓದುವ ದೀಪ ಹಚ್ಚಿ, ಊಟ ಆದಮೇಲೆ ಶುರು ಮಾಡಿದೆ. ಸಂಜೆಯಾಗುವಷ್ಟರಲ್ಲಿ 48 ಫೋಟೋ ಆಗಿತ್ತು. ಅಂದರೆ ನಾಲ್ಕು ಸೆಕೆಂಡು! ಅಷ್ಟರಲ್ಲಿ ದೀಪದ ಬಿಸಿಗೆ ಬದನೆಕಾಯಿ ಬಾಡಿಹೋಗಿತ್ತು. ಓಡಿಸಿ ನೋಡಿದರೆ ಅದು ನಡೆಯುತ್ತಿರಲಿಲ್ಲ, ನಿಟ್ಟುಸಿರು ಬಿಟ್ಟು ಕುಗ್ಗುತ್ತಿತ್ತು. ನಾನು ಅಂದುಕೊಂಡದ್ದಕ್ಕಿಂತ ಅದೇ ಚೆನ್ನಾಗಿತ್ತು ಅನ್ನಿ. ಯಜಮಾನರು ಮಾತ್ರ, "ಎಣ್ಣೆಗಾಯಿ ಆಗೋದು ತಪ್ಪಿತು" ಅಂದರು.

ಮಗಳ ಜೊತೆ ಎರಡನೇ ಭಾಗವನ್ನೂ ನೋಡಿ. ಮಣ್ಣಿನ ಗಂಡು ಹೆಣ್ಣು ಪ್ರೀತಿಯಲ್ಲಿ ಕರಗಿ ಒಂದಾಗುತ್ತಾರೆ. ಮತ್ತೆ ಬೇರೆಯಾದಾಗ ಮೇಜಿನ ಮೇಲೆ ಚಿಕ್ಕದೊಂದು ಮಣ್ಣಿನ ಮುದ್ದೆ ಮಿಕ್ಕಿರುತ್ತದೆ. ನಂದಲ್ಲ ಅಂತ ಅವನು ತಳ್ಳುತ್ತಾನೆ, ನಂದಲ್ಲ ಅಂತ ಅವಳು. ಆ ಮುದ್ದೆ ಏನು ಅಂತ ಮಗಳನ್ನೇ ಕೇಳಿ, ನನಗೂ ಬರೆದು ತಿಳಿಸಿ. ಮೊದಲ ಭಾಗವನ್ನು ಮಾತ್ರ ಊಟದ ಹೊತ್ತಿಗೆ ಹಾಕಬೇಡಿ. ತರಕಾರಿ ತಲೆಯನ್ನು ಪಾತ್ರೆ ಸೌಟಿನ ತಲೆ ನುಂಗಿ, ಜಜ್ಜಿ, ಹಾಗೇ ಕಾರಿಕೊಳ್ಳುತ್ತದೆ.