ಡಾಕ್ಟ್ರೇ, ಅವರು ನಿಮ್ಮ ಕ್ಲಿನಿಕ್‌ಗೂ ಬರ್ತಾರೆ

ರಾಜಾಜಿನಗರದ ವೈದ್ಯರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಮನೆ ಹತ್ತಿರದ ಡಾಕ್ಟರೂ ಎಚ್‌ಐವಿ ಬಗ್ಗೆ ಮತ್ತೆ ಪಾಠಕ್ಕೆ ಕೂರಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದೆ. ಅದು ಅವರಿಗೆ ಹಿಡಿಸಿಲ್ಲ. ಪತ್ರದ ತಿರುಳು ಇದು:

"28 ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ದಿನಕ್ಕೆ ಅರವತ್ತು ಜನ ಬರುತ್ತಾರೆ. ಐದು ವರ್ಷಕ್ಕೆ 30 ಗಂಟೆ ಸಿಎಂಇ, ಅಂದರೆ ವೈದ್ಯರ ಮುಂದುವರಿಕೆ ಕಲಿಕೆಯ ತರಗತಿ, ಮುಗಿಸಲೇಬೇಕು, ಅದಕ್ಕೇ ಭಾನುವಾರಗಳು ಹೋಗುತ್ತವೆ. ಎಚ್‌ಐವಿಗೆ ಔಷಧ ಕೊಡಲು ಸರ್ಕಾರದ ಎಆರ್‌ಟಿ ಕೇಂದ್ರಗಳಿವೆ. ಅಲ್ಲಿಗೆ ಚೀಟಿ ಬರೆದು ಕಳಿಸಿದರೆ ನನ್ನ ಕೆಲಸ ಮುಗಿಯಿತು. ವರ್ಷಕ್ಕೆ ಒಬ್ಬ ಎಚ್‌ಐವಿ ರೋಗಿಯೂ ನನ್ನ ಹತ್ತಿರ ಬರುವುದಿಲ್ಲ. ಅಷ್ಟಕ್ಕೂ ಪತ್ರಕರ್ತರು ವೈದ್ಯರಿಗೆ ಪಾಠ ಹೇಳುವುದು ಎಷ್ಟು ಸರಿ?"

ಸಮಯದ ಮಾತು ನಿಜ, ಡಾಕ್ಟ್ರೇ. ಒಬ್ಬರೇ ಕ್ಲಿನಿಕ್ ನಡೆಸುವವರಿಗೆ ಅರ್ಧ ದಿನ ಬಾಗಿಲು ಹಾಕುವುದೂ ಕಷ್ಟ. ಒಪ್ಪಿದೆ.

ಆದರೆ "ಒಬ್ಬರೂ ಬರುವುದಿಲ್ಲ" ಎಂಬ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಬರುತ್ತಾರೆ. ನಿಮಗೆ ಹೇಳುವುದಿಲ್ಲ, ಅಷ್ಟೇ.

ನನಗೆ ಪರಿಚಯದ ಹೆಣ್ಣುಮಗಳೊಬ್ಬರಿದ್ದಾರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಎಚ್‌ಐವಿ ಗೊತ್ತಾಗಿ ಹನ್ನೆರಡು ವರ್ಷವಾಯಿತು. ಈಗ ರಾತ್ರಿ ಊಟವಾದ ಮೇಲೆ ಒಂದೇ ಮಾತ್ರೆ. ಅದರೊಳಗೆ ಟೆನೋಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ಮೈ ಕೈ ಗಟ್ಟಿಯಾಗಿದ್ದಾರೆ, ಮಗಳ ಮದುವೆ ಮಾಡಿದ್ದಾರೆ. ಐವತ್ತು ದಾಟಿದ ಮೇಲೆ ಎಲ್ಲರಿಗೂ ಬರುವುದೇ ಅವರಿಗೂ ಬಂತು: ಶುಗರ್, ಎದೆಯುರಿ, ಮಂಡಿ ನೋವು. ಅದಕ್ಕೆಲ್ಲ ಎಆರ್‌ಟಿ ಕೇಂದ್ರಕ್ಕೆ ಹೋಗುತ್ತಾರಾ? ಬೀದಿ ಕೊನೆಯ ಡಾಕ್ಟರ ಹತ್ತಿರ ಹೋದರು. ಶುಗರ್‌ಗೆ ಮೆಟ್‌ಫಾರ್ಮಿನ್ ಕೊಟ್ಟರು. ಎದೆಯುರಿಗೆ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್. ಇವರು ರಾತ್ರಿ ಊಟವಾದ ಮೇಲೆ ಒಂದು ಮುಚ್ಚಳ ಸಿರಪ್ ಕುಡಿದು, ಅದರ ಹಿಂದೆಯೇ ಆ ಮಾತ್ರೆ ನುಂಗುತ್ತಿದ್ದರು.

ನಿಮಗೆ ಇದರಲ್ಲಿ ತಪ್ಪೇನು ಅಂತ ತಕ್ಷಣ ಹೊಳೆಯಿತಾ? ಆ ಸಿರಪ್‌ನಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುತ್ತವೆ. ಅವು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ಮೈಗೆ ಸೇರದಂತೆ ಮಾಡುತ್ತವೆ. ಮಾತ್ರೆಯನ್ನು ಸಿರಪ್‌ಗಿಂತ 2 ಗಂಟೆ ಮೊದಲು ತಗೋಬೇಕು, ಇಲ್ಲವೇ 6 ಗಂಟೆ ಆದಮೇಲೆ. ಖಾಲಿ ಹೊಟ್ಟೆಯಲ್ಲಾದರೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ. ಮೆಟ್‌ಫಾರ್ಮಿನ್ ಕಥೆ ಇದಕ್ಕೆ ತಿರುಗಾಮುರುಗಾ. ಡೊಲುಟೆಗ್ರಾವಿರ್ ಜೊತೆ ಅದು ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಹಾಗಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಬೇಡಿ ಎನ್ನುತ್ತಾರೆ. ಆ ಡಾಕ್ಟರು ಕೆಟ್ಟವರಲ್ಲ, ಒಳ್ಳೆಯ ಮನುಷ್ಯ. ಅವರು ಓದುವಾಗ ಈ ಮಾತ್ರೆ ಇರಲೇ ಇಲ್ಲ.

ಅವರು ಡಾಕ್ಟರಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಹಿಂದೊಮ್ಮೆ ಹಲ್ಲು ಕೀಳಿಸಲು ಹೋದಾಗ ಹೇಳಿದ್ದರಂತೆ. ಫೈಲ್ ಮೇಲೆ ಕೆಂಪು ಸ್ಕೆಚ್ ಪೆನ್‌ನಲ್ಲಿ ದಪ್ಪಗೆ ಬರೆದು ಕೈಗೆ ಕೊಟ್ಟರು. ಕಾಯುವವರ ಸಾಲಿನಲ್ಲಿ ಅದನ್ನು ಮಡಿಲಲ್ಲಿ ಬೋರಲು ಹಾಕಿ, ಮೇಲೆ ಸೆರಗು ಮುಚ್ಚಿ ಎರಡು ಗಂಟೆ ಕೂತಿದ್ದರು. ಕೊನೆಗೆ "ನಾಳೆ ಬನ್ನಿ" ಎಂದರು. ಅವರು ನಾಳೆಯೂ ಹೋಗಲಿಲ್ಲ, ಆಮೇಲೆ ಯಾರಿಗೂ ಹೇಳಲಿಲ್ಲ. ನಿಮ್ಮ ಹೆಸರು ಹಾಕಬೇಡಿ ಎಂದು ನೀವು ನನ್ನನ್ನು ಕೇಳಿಕೊಂಡಿರಿ, ನಾನು ಮಾತು ಉಳಿಸಿಕೊಂಡೆ. ಅವರು ಕೇಳಿದ್ದೂ ಅಷ್ಟನ್ನೇ. ಅವರ ಪರವಾಗಿ ಕಾನೂನೇ ಇದೆ. ಎಚ್‌ಐವಿ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಗುಟ್ಟು ಬಿಡುವ ಹಾಗಿಲ್ಲ, ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಆಪರೇಷನ್‌ಗೆ ಮುಂಚೆ ಹತ್ತು ಟೆಸ್ಟ್‌ಗಳ ಪಟ್ಟಿಯಲ್ಲಿ ಇದನ್ನೂ ಸುಮ್ನೆ ಸೇರಿಸಿ ಕಳಿಸುವ ಎಷ್ಟು ಜನಕ್ಕೆ ಈ ಕಾಯ್ದೆ ಗೊತ್ತು?

ನೀವು ಕ್ಲಿನಿಕ್ ತೆರೆದ ಕಾಲವನ್ನು ನೆನಪು ಮಾಡಿಕೊಳ್ಳಿ. ದೇಶದಲ್ಲಿ ಮೊದಲ ಸೋಂಕು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಆಮೇಲೆ ಔಷಧ ಬಂತು, ಆದರೆ ಬಡವರ ಕೈಗೆ ಎಟುಕುವಂತಿರಲಿಲ್ಲ. 2001ರಲ್ಲಿ ನಮ್ಮದೇ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರ್‌ಗೂ ಕಡಿಮೆ ಬೆಲೆಗೆ ಮೂರು ಔಷಧ ಕೊಡುತ್ತೇನೆ ಎಂದಾಗ ಜಗತ್ತೇ ತಿರುಗಿ ನೋಡಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಕೊಡತೊಡಗಿತು. ಆಗ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ, ಇಳಿಯುವವರೆಗೆ ಕಾಯುತ್ತಿದ್ದರು. 2017ರಿಂದ ಕಾಯುವುದಿಲ್ಲ, ಸೋಂಕು ಗೊತ್ತಾದ ಕೂಡಲೇ ಮಾತ್ರೆ ಶುರು. 2019ರಲ್ಲಿ ಯುರೋಪಿನ ಪಾರ್ಟ್ನರ್ ಅಧ್ಯಯನದ ಎರಡನೇ ಭಾಗ ಪ್ರಕಟವಾಯಿತು. ಸುಮಾರು 780 ಗಂಡು ಜೋಡಿಗಳು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಕಾಂಡೋಮ್ ಇಲ್ಲದೆ ಸಾವಿರಾರು ಸಲ ಕೂಡಿದರೂ ಆ ಸಂಗಾತಿಯಿಂದ ಇನ್ನೊಬ್ಬರಿಗೆ ಹರಡಿದ ಒಂದು ಪ್ರಕರಣವೂ ಇಲ್ಲ. ಸೊನ್ನೆ! ಇಷ್ಟಾದ ಮೇಲೂ "ಇನ್ನು ಮೇಲೆ ಗಂಡ ಹೆಂಡತಿ ದೂರ ಇರಿ" ಎಂದು ಹೇಳುವ ಡಾಕ್ಟರು ಈ ಊರಿನಲ್ಲಿದ್ದಾರೆ. ಆ ಒಂದು ಮಾತಿಗೆ ಮುರಿದ ಮನೆಯನ್ನು ನಾನು ನೋಡಿದ್ದೇನೆ.

ಇನ್ನು ನನ್ನ ಅಕ್ಕನ ಮಗನ ವಿಷಯ. ಹೌಸ್ ಸರ್ಜನ್ ಆಗಿದ್ದ. ರಾತ್ರಿ ಎರಡು ಗಂಟೆಗೆ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡ. ಒಬ್ಬರು ರಕ್ತ ಹಿಂಡು ಎಂದರು, ಇನ್ನೊಬ್ಬರು ಸ್ಪಿರಿಟ್ ಸುರಿದರು. ಎರಡೂ ತಪ್ಪು. ಸೋಪು ನೀರಿನಲ್ಲಿ ತೊಳೆದು ತಕ್ಷಣ ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬೇಕು. 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು, ಮೊದಲ ಒಂದೆರಡು ಗಂಟೆಯಲ್ಲೇ ಆದರೆ ಒಳ್ಳೆಯದು. ಮಾತ್ರೆ ಆ ಆಸ್ಪತ್ರೆಯಲ್ಲೇ ಇತ್ತು, ಬೀರುವಿನಲ್ಲಿ. ಬೀಗದ ಕೈ ಮನೆಗೆ ಹೋಗಿದ್ದವರ ಜೇಬಿನಲ್ಲಿ. ಹುಡುಗನಿಗೆ ಮೊದಲ ಮಾತ್ರೆ ಸಿಕ್ಕಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಎಚ್‌ಐವಿ ಇರುವವರಿಗೆ ಚುಚ್ಚಿದ ಸೂಜಿಯಾದರೂ ಅದರಿಂದ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಮೂರು ಎಂದು ಅವನಿಗೆ ಸಮಾಧಾನ ಹೇಳುವವರೂ ಇರಲಿಲ್ಲ. ಒಂಬತ್ತು ಗಂಟೆ ಮೆಟ್ಟಿಲ ಮೇಲೆ ಕೂತು, ಅಮ್ಮನಿಗೆ ಫೋನ್ ಮಾಡಲೋ ಬೇಡವೋ ಎಂದು ಯೋಚಿಸಿದನಂತೆ. ಆ ವೈರಾಣು ಜೀವಕೋಶದೊಳಗೆ ಹೇಗೆ ಹೋಗುತ್ತದೆ ಎಂದು ಕೇಳಿದರೆ ಹುಡುಗ ಚಿತ್ರ ಬರೆದು ತೋರಿಸುತ್ತಾನೆ. ಬೀರು ಎಲ್ಲಿದೆ, ಕೀ ಯಾರ ಹತ್ತಿರ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಚೆನ್ನಾಗಿದ್ದಾನೆ. ಸಿಬ್ಬಂದಿಗೆ ಈ ತರಬೇತಿ, ಈ ಮಾತ್ರೆ ಎರಡನ್ನೂ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು ಅದೇ ಕಾಯ್ದೆ ಹೇಳುತ್ತದೆ.

ಸಿಎಂಇ ಬಗ್ಗೆ ನಿಮ್ಮ ಬೇಸರ ನನಗೂ ಇದೆ. ನಾನೂ ಕೆಲವು ಕಡೆ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಹೋಟೆಲ್ ಹಾಲ್, ತುಂಬಿ ತುಳುಕುವ ಇಂಗ್ಲಿಷ್ ಸ್ಲೈಡುಗಳು, ಊಟದ ವಾಸನೆ ಬರುವ ಹೊತ್ತಿಗೆ ಎಚ್‌ಐವಿ. ನಲವತ್ತು ನಿಮಿಷದ ಮಾತು ಹನ್ನೆರಡಕ್ಕೆ ಇಳಿಯುತ್ತದೆ. ನರ್ಸ್‌ಗಳನ್ನು ಕರೆದಿರುವುದಿಲ್ಲ, ವಾರ್ಡ್ ಹುಡುಗರನ್ನಂತೂ ಕೇಳಬೇಡಿ. ಕೆಂಪು ಸ್ಕೆಚ್ ಪೆನ್ ಯಾರ ಕೈಯಲ್ಲಿರುತ್ತದೋ ಅವರೇ ಹೊರಗೆ. ಆದರೆ ಒಂದು ಸಲ ಆಪ್ತ ಸಮಾಲೋಚಕಿಯೊಬ್ಬರು ಹದಿನೈದು ನಿಮಿಷ ಕನ್ನಡದಲ್ಲಿ ಮಾತಾಡಿದರು. ವೈರಲ್ ಲೋಡ್ ಅನ್ನುವುದನ್ನು ಮನೆಯವರಿಗೆ ಹೇಗೆ ಹೇಳುತ್ತಾರೆ ಎಂದು ತೋರಿಸಿದರು: "ನೋಡಮ್ಮ, ರಕ್ತದಲ್ಲಿ ಅದು ಈಗ ಎಣಿಕೆಗೇ ಸಿಗ್ತಿಲ್ಲ. ಹೀಗೇ ಮಾತ್ರೆ ನುಂಗ್ತಾ ಇದ್ರೆ, ನೀವಿಬ್ಬರೂ ಸೇರಿದ್ರೂ ನಿಮ್ಮ ಯಜಮಾನರಿಗೆ ನಿಮ್ಮಿಂದ ಬರಲ್ಲ." ಹಾಲ್‌ನಲ್ಲಿ ಡಾಕ್ಟರುಗಳು ಪೆನ್ ತೆಗೆದು ಬರೆದುಕೊಂಡದ್ದನ್ನು ನಾನು ಅವತ್ತು ನೋಡಿದೆ. ಮೆಡಿಕಲ್ ಕಾಲೇಜುಗಳಿಂದ ತುಂಬಿದ ಈ ಊರಿನಲ್ಲಿ, ಕನ್ನಡದಲ್ಲಿ ಹೀಗೆ ಹೇಳಿಕೊಡುವ ತರಗತಿ ತಿಂಗಳಿಗೊಂದಾದರೂ ಯಾಕಿಲ್ಲ? ಐದೂವರೆ ವರ್ಷ ಓದಿಸುತ್ತಾರೆ. ರೋಗಿಯ ಭಾಷೆಯಲ್ಲಿ ಕಷ್ಟದ ಸುದ್ದಿ ಹೇಳುವುದನ್ನು ಕಲಿಸುವುದು ತೀರಾ ಕಡಿಮೆ. ಇದು ಎಚ್‌ಐವಿಗೆ ಮಾತ್ರ ಅಲ್ಲ, ಕ್ಯಾನ್ಸರ್‌ಗೂ ಹೀಗೇ, ಮಗು ಹೋದ ತಾಯಿಗೂ ಹೀಗೇ. ನನಗೆ ಇದು ಹೊಟ್ಟೆ ಉರಿಯುವ ವಿಷಯ.

ತಡೆಯುವ ವಿಷಯದಲ್ಲಂತೂ ನಾವು ಇನ್ನೂ ಪೋಸ್ಟರ್ ಕಾಲದಲ್ಲಿದ್ದೇವೆ. ಸೋಂಕು ತಗಲುವ ಮುಂಚೆಯೇ ನುಂಗುವ ದಿನಕ್ಕೊಂದು ಮಾತ್ರೆ, ಪ್ರೆಪ್, ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಪಡೆಯಿತು. ನಮ್ಮ ಮೈಸೂರಿನ ಅಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ಅದರ ಪ್ರಯೋಗವನ್ನು ತಾವೇ ನಿಂತು ನಡೆಸಿದರು. 2024ರಲ್ಲಿ ಲೆನಾಕಾಪವಿರ್ ಎಂಬ ಇಂಜೆಕ್ಷನ್‌ನ ಸುದ್ದಿ ಬಂತು. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕಾ, ಉಗಾಂಡಾದಲ್ಲಿ ಅದನ್ನು ಪಡೆದ 2134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ನಾಳೆ ಒಬ್ಬ ಹುಡುಗ ನಿಮ್ಮ ಮುಂದೆ ಕೂತು, ತಲೆ ತಗ್ಗಿಸಿ, "ಸರ್, ಪ್ರೆಪ್ ಬರೆದುಕೊಡ್ತೀರಾ?" ಎಂದರೆ ಏನು ಹೇಳುತ್ತೀರಿ? ಬೈದು ಕಳಿಸಿದರೆ ಅವನು ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತಾನೆ ಅಂದುಕೊಳ್ಳಬೇಡಿ. ಹುಡುಕುವುದಿಲ್ಲ.

ಪತ್ರಕರ್ತರಿಗೇನು ಹಕ್ಕು ಎಂದಿರಿ. ತೊಂಬತ್ತರ ದಶಕದಲ್ಲಿ ನಾನು ಉಪಸಂಪಾದಕನಾಗಿದ್ದಾಗ "ಏಡ್ಸ್ ಮಾರಿ" ಎಂದು ಶೀರ್ಷಿಕೆ ಕೊಟ್ಟು, ಪಕ್ಕದಲ್ಲಿ ತಲೆಬುರುಡೆ ಹಾಕಿಸಿದ್ದೆ. ನಾನೊಬ್ಬನೇ ಅಲ್ಲ, ನಮ್ಮವರು ತುಂಬಾ ಜನ ಹೀಗೇ ಮಾಡಿದೆವು. ಆ ಹೆಣ್ಣುಮಗಳು ಫೈಲ್ ಬೋರಲು ಹಾಕಿ ಕೂರುವುದರಲ್ಲಿ ಆ ತಲೆಬುರುಡೆಯ ಪಾಲೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ, ಇನ್ನೂ ಬರೆಯುತ್ತೇನೆ.

28 ವರ್ಷ ಒಂದೇ ಬೀದಿಯ ಜನರ ನಾಡಿ ಹಿಡಿದವರು ನೀವು. ನಿಮ್ಮನ್ನು ನಂಬುವಷ್ಟು ಅವರು ಯಾವ ದೊಡ್ಡ ಆಸ್ಪತ್ರೆಯನ್ನೂ ನಂಬುವುದಿಲ್ಲ. ಈ ಪತ್ರಿಕೆಯ ಜೊತೆ ಒಂದು ಹಾಳೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಆಂಟಾಸಿಡ್, ಮೆಟ್‌ಫಾರ್ಮಿನ್, ಸೂಜಿ ಚುಚ್ಚಿದರೆ ಏನು ಮಾಡಬೇಕು, ಸರ್ಕಾರದ ಸಹಾಯವಾಣಿ 1097, ಎಲ್ಲ ಕನ್ನಡದಲ್ಲಿ ಇದೆ. ಎಆರ್‌ಟಿ ಕೇಂದ್ರದಲ್ಲಿ ಕೆಲಸ ಮಾಡುವ ವೈದ್ಯರೊಬ್ಬರು ನೋಡಿ ತಿದ್ದಿಕೊಟ್ಟಿದ್ದಾರೆ. ಎರಡು ಪ್ರತಿ ಇಟ್ಟಿದ್ದೇನೆ. ಒಂದು ನಿಮ್ಮ ಮೇಜಿಗೆ, ಇನ್ನೊಂದು ನಿಮ್ಮ ಕಾಂಪೌಂಡರ್‌ಗೆ.

— ಸಂಪಾದಕ