ಕಣ್ಣು ಮಂಜು, ಕಾಲು ಜೋಮು: ಎಂ.ಎಸ್. ಅನುಮಾನ ಇದ್ದರೆ ಏನು ಮಾಡಬೇಕು, ಮನೆಮದ್ದು ಎಲ್ಲಿಯವರೆಗೆ

ಅಣ್ಣಾ, ತಂಗಿಗೆ 34 ವರ್ಷ, ಮಳೆಗಾಲದಲ್ಲಿ ಬಲಗಣ್ಣು ಎರಡು ವಾರ ಮಂಜಾಗಿ ತಾನಾಗಿಯೇ ಸರಿಯಾಯ್ತು, ಈಗ ಎಡಗಾಲು ಜೋಮು ಹಿಡಿದಿದೆ, ಮಧ್ಯಾಹ್ನದ ಬಿಸಿಲಿಗೆ ಕಣದಲ್ಲಿ ನಿಲ್ಲಲಾಗುತ್ತಿಲ್ಲ ಅಂತ ಬರೆದಿದ್ದೀರಿ. ಇದು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇರಬಹುದೇ, ನಾಟಿ ಮದ್ದಿಗೆ ಬಗ್ಗುತ್ತದೆಯೇ ಅನ್ನುವುದು ಪ್ರಶ್ನೆ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಕೆಲವರು ಅಮೃತಬಳ್ಳಿ ಕಷಾಯ ಕೊಡಿ, ಜೇನುನೊಣ ಕಚ್ಚಿಸಿ ಅಂದಿದ್ದಾರೆ. ದಯವಿಟ್ಟು ಎರಡೂ ಬೇಡ, ಕಾರಣ ಕೆಳಗೆ ಹೇಳುತ್ತೇನೆ. ನರರೋಗ ತಜ್ಞರಿಗೆ ತೋರಿಸುವುದನ್ನು ಕಾಫಿ ಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ. ಕಣ್ಣು ಸರಿಹೋಗಿದ್ದು ರೋಗ ಹೋದದ್ದಕ್ಕೆ ಸಾಕ್ಷಿಯಲ್ಲ. ಬಂದು, ತಗ್ಗಿ, ತಿಂಗಳುಗಳ ನಂತರ ಬೇರೆ ಜಾಗದಲ್ಲಿ ಕಾಣಿಸಿಕೊಳ್ಳುವುದೇ ಇದರ ಸ್ವಭಾವ.

ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇರುತ್ತದೆ, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಎಂ.ಎಸ್.ನಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಅಲ್ಲಲ್ಲಿ ಆ ಹೊದಿಕೆಯನ್ನು ಹಾಳುಮಾಡುತ್ತದೆ. ಯಾವ ಜಾಗದಲ್ಲಿ ಏಟು ಬಿತ್ತೋ ಆ ಭಾಗದ ಕೆಲಸ ಕೆಡುತ್ತದೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ.

ಗುರುತು ಹಿಡಿಯಲು ಮುಖ್ಯವಾಗಿ ನೋಡಬೇಕಾದದ್ದು ವೇಗ. ತೊಂದರೆ ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ಏರಿ, ವಾರಗಟ್ಟಲೆ ಇದ್ದು, ನಿಧಾನಕ್ಕೆ ಇಳಿಯುತ್ತದೆ. ಜ್ವರ, ಸೋಂಕು ಇಲ್ಲದೆ ಕನಿಷ್ಠ 24 ಗಂಟೆ ಬಿಡದೆ ಇದ್ದರೆ ಮಾತ್ರ ಅದನ್ನು ಹೊಸ ದಾಳಿ ಎನ್ನುತ್ತಾರೆ. ಕಣ್ಣಿನದಾದರೆ ಒಂದೇ ಕಣ್ಣು ಮಂಜು, ಗುಡ್ಡೆ ಹೊರಳಿಸಿದರೆ ನೋವು, ಬಣ್ಣ ಪೇಲವ. ಒಂದು ಹಣ್ಣಾದ ಕಾಫಿಯನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಒಂದು ಕಣ್ಣಿಗೆ ಕಡುಕೆಂಪು, ಇನ್ನೊಂದಕ್ಕೆ ಮಾಸಿದ ಕೆಂಪು ಕಂಡರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಗದ್ದವನ್ನು ಎದೆಗೆ ತಾಗಿಸಿದಾಗ ಬೆನ್ನುಹುರಿಯುದ್ದಕ್ಕೂ ಶಾಕ್ ಹೊಡೆದಂತಾಗುವುದು, ಎದೆ ಸುತ್ತ ಬೆಲ್ಟ್ ಬಿಗಿದಂತಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಮೂತ್ರ ಬಂತೆಂದರೆ ತಡೆಯಲಾಗದಿರುವುದು, ಸ್ವಲ್ಪ ದೂರ ನಡೆದ ಮೇಲೆ ಪಾದದ ತುದಿ ನೆಲಕ್ಕೆ ಎಳೆಯುವುದು, ನಿದ್ದೆ ಮಾಡಿದರೂ ಹೋಗದ ಸುಸ್ತು, ಇವೂ ಇದರಲ್ಲಿ ಬರುತ್ತವೆ.

ಆದರೆ ಕಾಲು ಜೋಮು ಅಂದ ಕೂಡಲೇ ಎಂ.ಎಸ್. ಅಂತ ಹೆದರುವುದೂ ತಪ್ಪು. ನಮ್ಮ ಕಡೆ ಅದಕ್ಕೆ ಬೇರೆ ಕಾರಣಗಳೇ ಜಾಸ್ತಿ. ಎರಡೂ ಪಾದ ಒಟ್ಟಿಗೆ ಜುಮ್ಮೆಂದು, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿದರೆ ತೂರಾಡುತ್ತಿದ್ದರೆ ಬಿ12 ಕೊರತೆ ನೋಡಿಸಿ. ಹಂದಿ, ಮೀನು ತಿನ್ನುವ ಮನೆಯಲ್ಲೂ ಇದು ಬರುತ್ತದೆ: ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ, ಕುಡಿತ ಇರುವವರಿಗೆ. ಕಾಫಿ ಕೊಯ್ಯುವವರಿಗೆ, ಕಸಿ ಮಾಡುವವರಿಗೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಅದು ಸಾಮಾನ್ಯವಾಗಿ ಮಣಿಕಟ್ಟಿನ ನರ ಒತ್ತಿದ್ದು. ಆರ್ಗನೋಫಾಸ್ಫೇಟ್ ಕೀಟನಾಶಕ ಹೆಚ್ಚಾಗಿ ಮೈಗೆ ಸೇರಿದವರಿಗೆ ಒಂದರಿಂದ ಮೂರು ವಾರದ ಮೇಲೆ ಕಾಲು ಸೋಲುವುದುಂಟು. ಹಾಗಾಗಿ ಯಾವ ಔಷಧಿ ಯಾವತ್ತು ಸಿಂಪಡಿಸಿದ್ದು ಅನ್ನುವುದನ್ನೂ ಹೇಳಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕುತ್ತಿಗೆಯ ಡಿಸ್ಕ್ ಕೂಡ ನೋಡಬೇಕಾದವೇ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ನಿಮಿಷಗಳಲ್ಲಿ ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ ಪಾರ್ಶ್ವವಾಯು. ತಕ್ಷಣ 108ಕ್ಕೆ ಕರೆ ಮಾಡಿ. ಎರಡು ಮೂರು ದಿನದಲ್ಲಿ ಬಲಹೀನತೆ ಪಾದದಿಂದ ಮೇಲಕ್ಕೇರಿ ಉಸಿರು, ನುಂಗುವುದು ಕಷ್ಟವಾದರೂ, ಮೂತ್ರ ಪೂರ್ತಿ ಕಟ್ಟಿದರೂ ಅದೇ ದಿನ ಆಸ್ಪತ್ರೆ.

ತಂಗಿಯದು ಕಣ್ಣು ಒಂದು ಸಲ, ಕಾಲು ಇನ್ನೊಂದು ಸಲ. ಹಾಗಾಗಿ ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ಚೀಟಿ ಬರೆಸಿಕೊಂಡು ಮೈಸೂರಿಗೋ, ಮಂಗಳೂರಿಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ. ಅಲ್ಲಿ ಮಿದುಳು ಮತ್ತು ಬೆನ್ನುಹುರಿಯ ಎಂ.ಆರ್.ಐ. ಮಾಡಿಸುತ್ತಾರೆ, ಬೇಕಾದರೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಎ.ಕ್ಯೂ.ಪಿ.4 ಮತ್ತು ಮಾಗ್ ಎಂಬ ಎರಡು ಪ್ರತಿಕಾಯಗಳ ರಕ್ತಪರೀಕ್ಷೆ ಬೇಕೇ ಅಂತ ನೀವೇ ಕೇಳಿ. ಯಾಕೆಂದರೆ ಎಂ.ಎಸ್. ಥರವೇ ಕಾಣುವ ಎನ್.ಎಂ.ಒ. ಎಂಬ ಇನ್ನೊಂದು ಕಾಯಿಲೆ ಇದೆ. ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥ ಎಂ.ಎಸ್. ಔಷಧಿಗಳು ಅದನ್ನು ಇನ್ನೂ ಕೆಡಿಸುತ್ತವೆ. ರೋಗಕ್ಕೆ ಹೆಸರು ಸರಿಯಾಗಿ ಇಟ್ಟ ಮೇಲೇ ಔಷಧಿ.

ದಾಳಿ ಜೋರಾಗಿದ್ದರೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್ ಹಾಕುತ್ತಾರೆ. ಅದು ಚೇತರಿಕೆಯನ್ನು ಬೇಗ ಮಾಡುತ್ತದೆ, ಅಷ್ಟೇ. ಮುಂದಿನ ದಾಳಿಗಳನ್ನು ಕಡಿಮೆ ಮಾಡುವುದು ಬೇರೆ ಔಷಧಿ. ಅದನ್ನು ಎಷ್ಟು ಬೇಗ ಶುರುಮಾಡುತ್ತಾರೋ ಅಷ್ಟು ನರ ಉಳಿಯುತ್ತದೆ. ಆ ಕೆಲಸ ಮಾಡಬಲ್ಲ ಬೇರು, ಸೊಪ್ಪು, ಕಷಾಯ ಯಾವುದೂ ಇಲ್ಲ. ಮಗು ಬೇಕೆಂದಿದ್ದರೆ ಔಷಧಿ ಆರಿಸುವ ಮೊದಲೇ ಹೇಳಬೇಕು, ಕೆಲವು ಗರ್ಭಕ್ಕೆ ಆಗುವುದಿಲ್ಲ.

ಈಗ ಅಮೃತಬಳ್ಳಿ. ಅದನ್ನು ಹೊಗಳುವುದೇ ನಿರೋಧಕ ಶಕ್ತಿ ಏರಿಸುತ್ತದೆ ಅಂತ. ಇಲ್ಲಿ ತಿರುಗಿಬಿದ್ದಿರುವುದೇ ಆ ಶಕ್ತಿ, ಅದನ್ನು ಕೆರಳಿಸುವುದು ಯಾಕೆ? ಮೇಲಾಗಿ ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಅಶ್ವಗಂಧಕ್ಕೂ ಇದೇ ಎಚ್ಚರಿಕೆ. ಎಂ.ಎಸ್. ಔಷಧಿಗಳಲ್ಲಿ ಹಲವಕ್ಕೆ ಯಕೃತ್ತಿನ ಪರೀಕ್ಷೆ ಮಾಡುತ್ತಲೇ ಇರಬೇಕು. ಕಷಾಯವೂ ಸೇರಿದರೆ ಕೆಡಿಸಿದ್ದು ಯಾವುದು ಅಂತ ತಿಳಿಯದೆ ಒಳ್ಳೆಯ ಔಷಧಿಯನ್ನೇ ನಿಲ್ಲಿಸಬೇಕಾಗುತ್ತದೆ. ಅರಿಶಿನ ಸಾರಿಗೆ ಹಾಕುವಷ್ಟು ಹಾಕಿ. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಬೇಡ, ಅದರಿಂದಲೂ ಯಕೃತ್ತಿಗೆ ಪೆಟ್ಟು ಬಿದ್ದದ್ದಿದೆ. ಭಸ್ಮ ಸೇರಿದ ಪುಡಿಗಳಲ್ಲಿ ಸೀಸ ಇರಬಹುದು, ಸೀಸ ತಾನೇ ನರಕ್ಕೆ ವಿಷ.

ಜೇನುನೊಣದ ವಿಷಯವನ್ನು ನೆದರ್‌ಲ್ಯಾಂಡ್ಸ್‌ನಲ್ಲಿ 26 ರೋಗಿಗಳ ಮೇಲೆ ಸರಿಯಾಗಿಯೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. 24 ವಾರ ಕಚ್ಚಿಸಿದರೂ ದಾಳಿ ಕಡಿಮೆಯಾಗಲಿಲ್ಲ, ಸುಸ್ತು ಇಳಿಯಲಿಲ್ಲ, ಎಂ.ಆರ್.ಐ. ಬದಲಾಗಲಿಲ್ಲ. ಅಲರ್ಜಿಯಾಗಿ ಉಸಿರು ಕಟ್ಟಿದರೆ ತೋಟದ ಮನೆಯಿಂದ ಆಸ್ಪತ್ರೆ ತಲುಪುವುದರೊಳಗೆ ಜೀವ ಹೋಗಬಹುದು. ಜೇನು ತಿನ್ನಲಿ, ನೊಣ ಬೇಡ.

ನಮ್ಮ ಕೊಡಗಿನ ಕಕ್ಕಡ ತಿಂಗಳ 18ರ ಮದ್ದು ಸೊಪ್ಪಿನ ಪಾಯಸ ಎಲ್ಲರಂತೆ ತಿನ್ನಬಹುದು, ಆದರೆ ಅದು ಈ ರೋಗಕ್ಕೆ ಮದ್ದಲ್ಲ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಆ ದಿನ ಮೂತ್ರಪರೀಕ್ಷೆ ಇದ್ದರೆ ಲ್ಯಾಬಿನವರಿಗೆ ತಿಳಿಸಿ, ರಕ್ತವೆಂದು ಗಾಬರಿಯಾಗುವುದು ಬೇಡ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ತುಂಬಾ ಇದೆ, ಮತ್ತು ಅದರಲ್ಲಿ ತಂಪಿಗೇ ಮೊದಲ ಜಾಗ. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಹೊದಿಕೆ ಸವೆದ ನರದಲ್ಲಿ ಸಂದೇಶಕ್ಕೆ ತಡೆಯಾಗಬಹುದು. ಬಿಸಿಲಲ್ಲಿ ಕಾಲು ಸೋಲುವುದು, ಕಣ್ಣು ಮತ್ತೆ ಮಂಜಾಗುವುದು ಇದರಿಂದ. ತಂಪಾದರೆ ಇಳಿಯುತ್ತದೆ, ಹೊಸ ಹಾನಿ ಆಗಿರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಬಿಸಿಲಲ್ಲಿ ಹೊರಗಿನ ಕೆಲಸ ಬೆಳಿಗ್ಗೆ 10ರೊಳಗೆ ಮುಗಿಯಲಿ. ಹೊರಡುವ ಮುಂಚೆ ಒಂದು ದೊಡ್ಡ ಲೋಟ ತಣ್ಣನೆಯ ಮಜ್ಜಿಗೆ, ಕುತ್ತಿಗೆಗೆ ಒದ್ದೆ ಟವಲ್. ನಮ್ಮ ಹಂಡೆಯ ಸುಡುನೀರಿನ ಸ್ನಾನ ಬಿಡಬೇಕು. ಸ್ನಾನದ ಮನೆಯಲ್ಲೇ ಕಾಲು ಕುಸಿದು ಬೀಳುತ್ತಾರೆ. ಉಗುರುಬೆಚ್ಚಗೆ ಸಾಕು, ಒಳಗೊಂದು ಸ್ಟೂಲ್ ಇರಲಿ. ಜೋಮು ಹಿಡಿದ ಕಾಲಿಗೆ ಬಿಸಿ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗಮ್‌ಬೂಟ್ ಹಾಕಿ, ಸಂಜೆ ಪಾದದ ಅಡಿ, ಬೆರಳ ಸಂದಿ ನೋಡಿ. ಜಿಗಣೆ ಕಚ್ಚಿದ ಗಾಯ ಕೀವಾಗುವ ತನಕ ತಿಳಿಯದೆ ಉಳಿಯಬಹುದು. ಕಾಳುಮೆಣಸು ಕೊಯ್ಯಲು ಏಣಿ ಹತ್ತುವುದು, ಕಳೆ ಕತ್ತರಿಸುವ ಮೆಷಿನ್ ಹಿಡಿಯುವುದು ಸದ್ಯ ಬೇರೆಯವರ ಕೆಲಸ.

ಮೂತ್ರದ ಅವಸರಕ್ಕೆ ಹೆದರಿ ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಸೋಂಕಾಗುತ್ತದೆ, ಸೋಂಕಿನಿಂದ ಹಳೆಯ ಲಕ್ಷಣಗಳೆಲ್ಲ ಮರಳಿ ಹೊಸ ದಾಳಿಯಂತೆ ಕಾಣುತ್ತದೆ. ಒಂದೂವರೆಯಿಂದ ಎರಡು ಲೀಟರ್ ನೀರನ್ನು ಹಗಲಿಗೆ ಹಂಚಿಕೊಳ್ಳಿ, ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಬರಲಿ ಬಿಡಲಿ, ಎರಡು ಮೂರು ಗಂಟೆಗೊಮ್ಮೆ ಹೋಗಿ, ಮುಗಿದ ಮೇಲೆ ಒಂದು ನಿಮಿಷ ಕಾದು ಮತ್ತೊಮ್ಮೆ ಪ್ರಯತ್ನಿಸಲಿ. ಕಾಫಿ ನಾಡಲ್ಲಿ ಹೇಳಲು ಕಷ್ಟ, ಆದರೂ ಕಾಫಿ ಮೂತ್ರಚೀಲವನ್ನು ಕೆರಳಿಸುತ್ತದೆ. ಬೆಳಿಗ್ಗೆ ಒಂದಕ್ಕೆ ಇಳಿಸಿ ಎರಡು ವಾರ ನೋಡಿ. ಮಲಬದ್ಧತೆಗೆ ಪಪ್ಪಾಯ, ಸೊಪ್ಪು, ಒಂದು ಚಮಚ ಇಸಬ್ಗೋಲು ಪೂರ್ತಿ ಒಂದು ಲೋಟ ನೀರಿನಲ್ಲಿ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಕಾಲು ಬಿಗಿಯುತ್ತಿದ್ದರೆ ಗೋಡೆಗೆ ಕೈಕೊಟ್ಟು ಹಿಮ್ಮಡಿ ನೆಲಕ್ಕೂರಿ ಮೀನಖಂಡ ಎಳೆಯುವಂತೆ 30 ಸೆಕೆಂಡ್ ನಿಲ್ಲುವುದು, ಮೂರು ಸಲ, ಬೆಳಿಗ್ಗೆ ಸಂಜೆ. ಜಗ್ಗಿ ಕುಣಿಯಬಾರದು, ಬಿಗಿತ ಹೆಚ್ಚುತ್ತದೆ. ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಸುಸ್ತಿಗೆ ಪೂರ್ತಿ ಮಲಗಿಬಿಡುವುದು ಮದ್ದಲ್ಲ. ತಂಪು ಹೊತ್ತಿನಲ್ಲಿ 5 ನಿಮಿಷ ನಡಿಗೆಯಿಂದ ಶುರುಮಾಡಿ ವಾರವಾರ ಸ್ವಲ್ಪ ಏರಿಸಿ. ಮಾರನೇ ದಿನ ಏಳಲಾಗದಿದ್ದರೆ ಹಿಂದಿನ ವಾರದ ಅಳತೆಗೆ ಇಳಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸದೆ ಎಲ್ಲ ಸುಸ್ತನ್ನೂ ಎಂ.ಎಸ್. ತಲೆಗೆ ಕಟ್ಟಬೇಡಿ.

ವಿಟಮಿನ್ ಡಿ ರಕ್ತದಲ್ಲಿ ಎಷ್ಟಿದೆ ನೋಡಿಸಿ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಬಿಸಿಲು ಕಾಣುವುದೇ ಅಪರೂಪ. 60,000 ಯೂನಿಟ್‌ನ ಪ್ಯಾಕೆಟ್ ವಾರಕ್ಕೊಂದು ಅಂತ ಬರೆದುಕೊಟ್ಟರೆ ವಾರಕ್ಕೊಂದೇ. ದಿನಕ್ಕೊಂದು ತಿಂದು ವಾಂತಿ, ಬಾಯಾರಿಕೆ, ಕಿಡ್ನಿ ತೊಂದರೆ ಮಾಡಿಕೊಂಡವರಿದ್ದಾರೆ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಹೊರಗೆ ಹೋಗಲಿ; ರೋಗಿಯೇ ಸೇದುತ್ತಿದ್ದರೆ ಅಂಗವೈಕಲ್ಯ ಬೇಗ ಬರುತ್ತದೆ.

ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ: ಕಣ್ಣು ಮಂಜಾದ ತಾರೀಕು, ಎಷ್ಟು ದಿನ, ನೋವಿತ್ತೇ, ಕಾಲಿನದು ಯಾವತ್ತು ಶುರು, ಈವರೆಗೆ ಕುಡಿದ ಕಷಾಯ, ಪುಡಿ, ಮಾತ್ರೆ ಎಲ್ಲದರ ಹೆಸರು. ಕಷಾಯದ ವಿಷಯ ಮುಚ್ಚಿಡಬೇಡಿ. ಹಳೆಯ ಸ್ಕ್ಯಾನ್‌ಗಳ ಸಿ.ಡಿ. ಇದ್ದರೆ ರಿಪೋರ್ಟ್ ಜೊತೆ ಅದನ್ನೂ ಒಯ್ಯಿರಿ. ಎಂ.ಎಸ್. ಎಂದೇ ಖಚಿತವಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಇದೂ ಇದೆ. ನಡಿಗೆಗೆ ತೊಂದರೆ ಉಳಿದರೆ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಹೆಸರು ಮತ್ತು ಆಸ್ಪತ್ರೆ ನಂಬರ್ ಮರೆಮಾಡಿ ಹಾಕಿ.