ವಾಗ್ದಾನದ ಚೀಟಿ, ಕಸದ ಬುಟ್ಟಿ ಸೇರಿದ ಗುಳಿಗೆ

(ಗುರುತು ಸಿಗದಂತೆ ವಯಸ್ಸು, ಕಸುಬು, ಮನೆಯ ವಿವರಗಳನ್ನು ಬದಲಿಸಿದೆ.)

ನಮ್ಮ ಬಳಿ ಆಪ್ತಸಲಹೆಗೆ ಬಂದವರು ಉತ್ತರ ಕರ್ನಾಟಕದ ಕ್ರೈಸ್ತ ಗೃಹಸ್ಥರು. ನಲವತ್ತು ದಾಟಿದ ವಯಸ್ಸು, ಗ್ರಿಲ್–ಗೇಟು ವೆಲ್ಡಿಂಗ್ ಕೆಲಸ, ಒಂಬತ್ತು ವರ್ಷದ ಕುಡಿತ. ನವೆಂಬರಿನಲ್ಲಿ ಚಿಕಿತ್ಸಾ ಕೇಂದ್ರದಲ್ಲಿದ್ದು, ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡಿ ಕುಡಿತ ತಡೆಯುವ ಗುಳಿಗೆ) ಬರೆಸಿಕೊಂಡು ಮನೆಗೆ ಮರಳಿದ್ದರು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಇವರ ಪಾಲಿಗೆ ಬಂದ ವಾಗ್ದಾನದ ಚೀಟಿ (ಹೊಸ ವರ್ಷಕ್ಕೆಂದು ಒಬ್ಬೊಬ್ಬರಿಗೆ ಸಿಗುವ ಬೈಬಲ್ ವಚನ) ಯೆಶಾಯ 43:19, ದೇವರು ಹೊಸ ಕಾರ್ಯ ಮಾಡುತ್ತೇನೆ ಎನ್ನುವ ವಚನ. ಮಾರನೆಯ ಬೆಳಗ್ಗೆ ಗುಳಿಗೆಗಳು ಕಸದ ಬುಟ್ಟಿಗೆ ಹೋದವು. "ದೇವರ ಮಾಡ್ತೀನಿ ಅಂದ ಮ್ಯಾಲೆ ಗುಳಿಗಿ ಯಾಕ್ರೀ?" ಜನವರಿಯ ಎರಡನೇ ಭಾನುವಾರ ದೇವರು ಕುಡಿತ ಬಿಡಿಸಿದರೆಂದು ಸಭೆಯ ಮುಂದೆ ಸಾಕ್ಷಿ ಹೇಳಿಸಿದರು. 23ರಂದು ಕುಡಿದರು. ಆಮೇಲೆ ಹನ್ನೊಂದು ದಿನ ನಿಲ್ಲಲಿಲ್ಲ.

"ದೇವರ ಮಾತು ತಪ್ಪಿದ್ನೋ, ನಾ ತಪ್ಪಿದ್ನೋ, ತಿಳೀವಲ್ದ್ರೀ" ಎಂಬುದು ಅವರ ಪ್ರಶ್ನೆ.

ಉತ್ತರಕ್ಕೆ ಮೊದಲು ದೇಹ ನೋಡಬೇಕಿತ್ತು. ಸಭೆಯ ಹಿರಿಯರು ಮೂರು ದಿನ ಉಪವಾಸ ಪ್ರಾರ್ಥನೆಗೆ ಕೂರಿಸಿ ಬಿಡಿಸುವ ಯೋಚನೆಯಲ್ಲಿದ್ದರು. ಉದ್ದೇಶ ಒಳ್ಳೆಯದು, ಆದರೆ ಇಂಥ ಸ್ಥಿತಿಯಲ್ಲಿ ಅದು ಜೀವಕ್ಕೇ ಅಪಾಯ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು 6ರಿಂದ 24 ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಭ್ರಮೆ, ಗೊಂದಲ ಕೂಡಿದ ಸನ್ನಿ ಹೆಚ್ಚಾಗಿ 48ರಿಂದ 96 ಗಂಟೆಗಳ ನಡುವೆ. ಕುಡಿತದಿಂದ ಮೊದಲೇ ಥಯಾಮಿನ್ (ವಿಟಮಿನ್ ಬಿ1) ಕೊರತೆ ಇರುವವರಿಗೆ ಉಪವಾಸ ಇನ್ನೂ ಕೆಟ್ಟದ್ದು. ಅದೇ ದಿನ ಮನೋವೈದ್ಯರ ಬಳಿ ಕಳಿಸಿದೆವು. ಉಪವಾಸ ಮಾಡುವುದಿದ್ದರೆ ಹಿರಿಯರೇ ಮಾಡಲಿ, ಇವರು ಊಟ ಮಾಡಲಿ ಎಂದೆವು.

ಇನ್ನೊಂದು ತಪ್ಪು ಲೆಕ್ಕ. ಡೈಸಲ್ಫಿರಾಮ್ ನಿಲ್ಲಿಸಿದ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಉಳಿಯಬಲ್ಲದು. ಸಾಕ್ಷಿ ಹೇಳಿದ ಭಾನುವಾರ ಆ ಕಾವಲು ಇನ್ನೂ ಇದ್ದಿರಬಹುದು. ಅದನ್ನವರು ಗುಳಿಗೆ ಇಲ್ಲದೆ ಗೆದ್ದ ಗೆಲುವು ಎಂದುಕೊಂಡರು.

ಎರಡನೇ ಭೇಟಿಯಲ್ಲಿ ಚೀಟಿಯನ್ನೇ ಮುಂದಿಟ್ಟುಕೊಂಡೆವು. ಆ ಮಾತು ಬಾಬೆಲಿನ ಸೆರೆಯಲ್ಲಿದ್ದ ಯೆಹೂದ್ಯರಿಗೆ ಹೇಳಿದ್ದು. ಪಾರಸಿಯ ಅರಸ ಕೋರೆಷನ ಅಪ್ಪಣೆ ಕ್ರಿ.ಪೂ. 538ರಲ್ಲಿ ಬಂತು, ಜನ ಮರಳಿದರು, ಯೆರೂಸಲೇಮಿನ ಆಲಯದ ಅಸ್ತಿವಾರ ಹಾಕಿದರು. ಎಜ್ರ 4 ಓದಿ ನೋಡಿ: ಕೆಲಸ ನಿಂತೇಹೋಯಿತು, ಮತ್ತೆ ಕೈಗೆತ್ತಿಕೊಂಡದ್ದು ಅರಸ ದಾರ್ಯಾವೆಷನ ಎರಡನೇ ವರ್ಷ, ಅಂದರೆ 520ರಲ್ಲಿ. ನಡುವೆ ಸುಮಾರು ಹದಿನೈದು ವರ್ಷ ಬರೀ ಅಸ್ತಿವಾರ. ಹೊಸ ಕಾರ್ಯ ನಿಂತದ್ದುಂಟು, ರದ್ದಾಗಲಿಲ್ಲ. ಹನ್ನೊಂದು ದಿನದ ಕುಡಿತವನ್ನು ಸಣ್ಣದು ಎನ್ನಲು ಇದನ್ನು ಹೇಳಲಿಲ್ಲ. ಕೆಲಸ ನಿಂತಲ್ಲಿಂದಲೇ ಮತ್ತೆ ಹಿಡಿಯಬಹುದು, ಅದಕ್ಕೆ ಮುಂದಿನ ಡಿಸೆಂಬರಿನ ತನಕ ಕಾಯಬೇಕಿಲ್ಲ ಎನ್ನಲು ಹೇಳಿದ್ದು.

ಗುಳಿಗೆಯ ಪ್ರಶ್ನೆಗೆ ಕಾಯಿಲೆ ಬಿದ್ದ ಯೆಹೂದದ ಅರಸ ಹಿಜ್ಕೀಯನ ಪ್ರಸಂಗ ಸಾಕಾಯಿತು. ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸುವೆನೆಂದು ದೇವರೇ ಮಾತು ಕೊಟ್ಟಿದ್ದರು. ಆದರೂ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದವನು ಪ್ರವಾದಿ ಯೆಶಾಯನೇ (ಯೆಶಾಯ 38ನೇ ಅಧ್ಯಾಯ). ವಾಗ್ದಾನವೂ ಔಷಧದ ಪಟ್ಟಿಯೂ ಒಂದೇ ಪುಟದಲ್ಲಿವೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಗುಳಿಗಿ ನಂದ್ ಅಂಜೂರ" ಎಂದರು.

ವೈದ್ಯರು ರಕ್ತ, ಲಿವರ್ ಪರೀಕ್ಷೆ ಮಾಡಿಸಿ ಡೈಸಲ್ಫಿರಾಮನ್ನೇ ಮತ್ತೆ ಬರೆದರು. ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆಯದೆ ಇದನ್ನು ಶುರುಮಾಡುವಂತಿಲ್ಲ. ಬೆಳಗಿನ ಕುಟುಂಬ ಪ್ರಾರ್ಥನೆ ಮುಗಿದ ಕೂಡಲೇ, ಪತ್ನಿಯ ಎದುರಿಗೆ, ಇಬ್ಬರ ಒಪ್ಪಿಗೆಯಿಂದ ನುಂಗುವುದೆಂದು ಗೊತ್ತುಮಾಡಿಕೊಂಡೆವು. ಸಾರಿನಲ್ಲಿ ಗುಟ್ಟಾಗಿ ಬೆರೆಸಿ ಕೊಡುವಂತೆ ನೆಂಟರೊಬ್ಬರು ಪತ್ನಿಗೆ ಹೇಳಿದ್ದರು. ಖಂಡಿತ ಕೂಡದು ಎಂದೆವು. ತಿಳಿಯದೆ ಮೇಲೆ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ, ಸಾವೂ ಆಗಬಹುದು. ಕ್ರಿಸ್‌ಮಸ್‌ನ ಮನೆವೈನ್, ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕ್, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಎಲ್ಲವೂ ಮುಟ್ಟಬಾರದವುಗಳ ಯಾದಿಯಲ್ಲಿ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಸಭಾಪಾಲಕರೊಂದಿಗೆ ಮಾತಾಡಿ, ಇವರಿಗೆ ಹುದುಗದ ದ್ರಾಕ್ಷಿ ರಸ, ಇಲ್ಲವೇ ರೊಟ್ಟಿ ಮಾತ್ರ ಎಂದಾಯಿತು.

ಸಾಕ್ಷಿ ಒಂದು ವರ್ಷ ಬೇಡ ಎಂಬ ಸಲಹೆಗೆ ಹಿರಿಯರು ಮುಖ ಸಣ್ಣಗೆ ಮಾಡಿದರು. ಆದರೆ ವೇದಿಕೆ ಹತ್ತಿದವರಿಗೆ ಜಾರಿದ್ದನ್ನು ಹೇಳಿಕೊಳ್ಳುವುದು ಕಷ್ಟ, ಮುಚ್ಚಿಟ್ಟಷ್ಟೂ ಕುಡಿತ ಬೆಳೆಯುತ್ತದೆ. ಹನ್ನೊಂದು ದಿನಕ್ಕೆ ಕಾರಣ ಬಯಕೆಗಿಂತ ಹೆಚ್ಚಾಗಿ ನಾಚಿಕೆ ಎಂದೇ ನಮ್ಮ ಅನಿಸಿಕೆ.

ಅಪಾಯದ ಹೊತ್ತು ಶನಿವಾರದ ಬಟವಾಡೆ, ಸಂಜೆ ಆರೂವರೆಯಿಂದ ಎಂಟೂವರೆ. ಕೂಲಿಯನ್ನು ನೇರ ಪತ್ನಿಯ ಖಾತೆಗೆ ಹಾಕಿಸಿದರು. ಬಾರ್ ಇಲ್ಲದ ದಾರಿಯಲ್ಲಿ ಮನೆಗೆ ಎರಡು ಕಿಲೋಮೀಟರ್ ಹೆಚ್ಚು, ಅದನ್ನೇ ಹಿಡಿದರು. ಜೇಬಿನ ಕಾರ್ಡಿನಲ್ಲಿ ಮೂರು ನಂಬರು: ಒಬ್ಬ ಹಿರಿಯರು, ವೈದ್ಯರು, ವ್ಯಸನಮುಕ್ತಿ ಸಹಾಯವಾಣಿ 14446. ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು: ಬಯಕೆ ಬಂದ ಹೊತ್ತು, ಇವತ್ತು ದೇವರಿಂದ ಸಿಕ್ಕಿದ್ದು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನ ತಲೆಗೊಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ನಾಳೆಗೆಂದು ಉಳಿಸಿಟ್ಟದ್ದು ಹುಳ ಬಿತ್ತು. ಅದಕ್ಕೇ "ಇನ್ನು ಜನ್ಮದಲ್ಲಿ ಮುಟ್ಟಲ್ಲ" ಎಂಬ ಆಣೆಯನ್ನು ಬಿಡಿಸಿ, "ಇವತ್ತು ಬೇಡ" ಎನ್ನುವ ಪ್ರಾರ್ಥನೆ ಹೇಳಿಕೊಟ್ಟೆವು.

ಪತ್ನಿಗೆ ಒಂದೇ ಮಾತು: ಚೀಟಿಯನ್ನು ಎತ್ತಿ ಹಂಗಿಸಬೇಡಿ. ಕೈಸಾಲದ ಲೆಕ್ಕ ಬೇರೆ ದಿನಕ್ಕಿಟ್ಟೆವು.

ನಾಲ್ಕು ತಿಂಗಳಲ್ಲಿ ಒಂಬತ್ತು ಭೇಟಿ. ಮೇ ತಿಂಗಳ ಒಂದು ಮದುವೆಗೆ ಹೋದಾಗ ಎರಡು ದಿನ ಗುಳಿಗೆ ತಪ್ಪಿತು; ಮೂರನೇ ರಾತ್ರಿ ಗ್ಲಾಸು ಕೈಗೆ ಬರುವ ಮೊದಲೇ ಹಿರಿಯರಿಗೆ ಫೋನ್ ಮಾಡಿದರು, ಅವರು ಬೈಕಿನಲ್ಲಿ ಬಂದು ಕರೆದೊಯ್ದರು. ಮಗಳು ಇನ್ನೂ ಅಪ್ಪನ ಜೊತೆ ಮಾತಾಡುತ್ತಿಲ್ಲ. ಆದರೆ ಈಚೆಗೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಗುಳಿಗೆಯ ಪಕ್ಕ ನೀರಿನ ಲೋಟ ತಂದಿಡುವವಳು ಅವಳೇ.